ಓಸ್ತಿ ಕೋಣೆಯಲ್ಲಿ ಮಾತೆ ಅಪೊಲೊನಿಯಾ

ಪೂಜ್ಯ ಮಾತೆ ಅಪೊಲೊನಿಯಾ ಅವರು ಕನ್ಯಾಮಠದ ಮುಖ್ಯಸ್ಥೆಯಾಗಿದ್ದರೂ ಬೆಳಗಿನ ಹೊತ್ತು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕುಳಿತು ತರಕಾರಿ ಹೆಚ್ಚುತ್ತಿದ್ದರು. ಅವರನ್ನು ಕಾಣಬೇಕಾದವರು ಅಲ್ಲಿಗೇ ಬರಬೇಕು.

ಕ್ರಿಸ್ಮಸ್ ಸಮೀಪಿಸಿದ್ದ ಒಂದು ದಿನ ಓಸ್ತಿ ಕೋಣೆಯ ಮೇಲ್ವಿಚಾರಕಿ ಫ್ಲೋರಿನ್ ಬಾಯಿ ಕೋಪದಿಂದ ಅಲ್ಲಿಗೆ ಬಂದರು. ಚರ್ಚಿನ ಬಲಿಪೂಜೆಗೆ ಬೇಕಾದ ತೆಳು ರೊಟ್ಟಿಯೇ ಓಸ್ತಿ. ಹಿಟ್ಟನ್ನು ಕಾದ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಬೇಯಿಸಬೇಕು. ಹದವರಿತು ತೆರೆದರೆ ಹಾಳೆಯಂತೆ ಏಳುತ್ತದೆ. ಅವಸರಪಟ್ಟರೆ ಅಂಟಿಕೊಂಡು ಹರಿಯುತ್ತದೆ. ಈಚೆಗೆ ಹರಿಯುವುದೇ ಹೆಚ್ಚಾಗಿತ್ತು. ಅಚ್ಚಿನ ಮುಂದೆ ಕೂರುವ ಬೆನೆಡಿಕ್ಟಾಳ ಕೈ ನಡುಗುತ್ತದೆ, ಊಟವನ್ನೂ ಸರಿಯಾಗಿ ಮಾಡುವುದಿಲ್ಲ, ಅವಳನ್ನು ಬಿಡಿಸಿ ಬೇರೆಯವಳನ್ನು ಕೊಡಿ ಎಂದು ಫ್ಲೋರಿನ್ ಬಾಯಿ ಕೇಳಿಕೊಂಡರು. ಆ ಕೆಲಸವಲ್ಲದೆ ಬೆನೆಡಿಕ್ಟಾಳಿಗೆ ಬೇರೆ ಆಧಾರವಿರಲಿಲ್ಲ. ಮಾತೆಯವರು ಬೀನ್ಸ್ ನಾರು ತೆಗೆಯುತ್ತಲೇ ಕೇಳಿಸಿಕೊಂಡರು.

ಮರುದಿನ ಅವರು ಏಪ್ರನ್ ಕಟ್ಟಿಕೊಂಡು ಓಸ್ತಿ ಕೋಣೆಗೆ ಬಂದು ಬೆನೆಡಿಕ್ಟಾಳ ಸ್ಟೂಲಿನ ಮೇಲೆ ಕುಳಿತರು. ಎಂದಿನ ಜಾಗದಲ್ಲೇ ನಿಲ್ಲುವಂತೆ ಫ್ಲೋರಿನ್ ಬಾಯಿಯವರಿಗೆ ಹೇಳಿದರು. ಆ ಜಾಗ ಕೆಲಸದವರ ಬೆನ್ನ ಹಿಂದೆಯೇ. ಓಸ್ತಿ ಸ್ವಲ್ಪ ಕಂದಿದರೂ ಫ್ಲೋರಿನ್ ಬಾಯಿ ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಶಿಸ್ತು ಬರುವುದೇ ಹಾಗೆ ಎಂದು ಅವರು ಮನಸಾರೆ ನಂಬಿದ್ದರು.

ಮಾತೆಯವರು ಹಿಟ್ಟು ಹೊಯ್ದು ಅಚ್ಚು ಮುಚ್ಚಿದರು. ಅಂಚಿನಿಂದ ಹಬೆ ಎದ್ದಿತು. ಫ್ಲೋರಿನ್ ಬಾಯಿ ಅಭ್ಯಾಸಬಲದಿಂದ ನಾಲಿಗೆ ಲೊಚಗುಟ್ಟಿದರು. ಮಾತೆಯವರ ಕೈ ಬೆಚ್ಚಿ ಅಚ್ಚು ತೆರೆಯಿತು. ಓಸ್ತಿ ಎರಡಾಗಿ ಹರಿಯಿತು.

ಕೆಲಸದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಜುಲಿಯಾನಾ ಮೆಲ್ಲನೆ ಅಂದಳು: "ಮದರ್, ಇನ್ನು ನಿಮ್ಮನ್ನೂ ಮನೆಗೆ ಕಳಿಸ್ತಾರೆ."

ಮಾತೆಯವರು ನಕ್ಕರು. ಬಳಿಕ ಹಿಂದಿರುಗಿ ನೋಡದೆಯೇ ಹೇಳಿದರು: "ನನಗೂ ಭಯವಾಯಿತು, ಫ್ಲೋರಿನ್."

ಮಠದಲ್ಲಿ ಯಾರಿಗೂ ಅಂಜದವರೆಂದು ಹೆಸರಾದವರ ಬಾಯಲ್ಲಿ ಈ ಮಾತು! ಫ್ಲೋರಿನ್ ಬಾಯಿಯವರ ಮುಖ ಬಾಡಿತು. ಗೋಡೆಗೊರಗಿ ನಿಂತಿದ್ದ ಬೆನೆಡಿಕ್ಟಾಳ ಇಳಿದುಹೋದ ಕೆನ್ನೆಗಳನ್ನು ಅವರು ಅಂದೇ ಮೊದಲ ಸಲ ನೋಡಿದ್ದು.

"ಬಾ, ಕೂತ್ಕೋ," ಎಂದರು. "ತಡವಾದರೂ ಪರವಾಗಿಲ್ಲ. ಕಂದಿದರೆ ಕಂದಲಿ."

ತಾವು ಕತ್ತರಿ ಹಿಡಿದು, ಕೋಣೆಯ ಆ ಕಡೆಗೆ ಹೋಗಿ, ಬೆಂದ ಓಸ್ತಿಗಳ ಅಂಚು ಕತ್ತರಿಸುವವರ ಜೊತೆ ಕುಳಿತರು.

ಹಬ್ಬದ ಹೊತ್ತಿಗೆ ಪೆಟ್ಟಿಗೆಗಳು ತುಂಬಿದ್ದವು. ಒಂದು ಮಧ್ಯಾಹ್ನ ಅಚ್ಚಿನ ಮುಂದೆ ಕುಳಿತ ಬೆನೆಡಿಕ್ಟಾ ತನಗರಿವಿಲ್ಲದೆ ಸ್ತುತಿಗೀತೆಯೊಂದನ್ನು ಗುನುಗತೊಡಗಿದಳು. ರಾಗ ಪೂರಾ ತಪ್ಪಿತ್ತು. ಫ್ಲೋರಿನ್ ಬಾಯಿ ತಿದ್ದಲು ಹೋಗಲಿಲ್ಲ. ಕತ್ತರಿ ಕೆಳಗಿಟ್ಟು, ಅಂಥ ಮಾತೆಯನ್ನು ತಮಗೆ ಕೊಟ್ಟ ದೇವರಿಗೆ ಕೈಮುಗಿದು, ಹಾಡು ಮುಗಿಯುವವರೆಗೂ ಕೇಳಿದರು.