ದಬ್ಬಣಕ್ಕನ ಏಳು ತಲೆಯ ಹಾವು

ಮೊದಲು ಒಂದು ಒಗಟು. ಏಳು ತಲೆಯ ಬೆಂಕಿ ಹಾವು. ಅದನ್ನು ಕತ್ತಿ ಗೆಲ್ಲಲಿಲ್ಲ, ಮಂತ್ರ ಗೆಲ್ಲಲಿಲ್ಲ, ಮೈಮೇಲೆ ಒಂದು ಏಟೂ ಬೀಳಲಿಲ್ಲ. ಆದರೂ ಹಾವು ತಣ್ಣಗಾಯಿತು. ಹೇಗೆ? ತಲೆ ಕೆರೆದುಕೊಳ್ಳಬೇಡಿ, ಕೂದಲು ಉದುರೀತು. ನಿಮಗೆ ಬರಲ್ಲ. ಕತೆ ಕೇಳಿ.

ಒಂದು ಕಾಡಿನಲ್ಲಿ ದಬ್ಬಣಕ್ಕ ಅನ್ನುವ ಮುಳ್ಳುಹಂದಿ ಇತ್ತು. ಅದಕ್ಕೆ ಮೂರು ಮರಿ. ಮರಿಗಳ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ, ಹಸಿ ಹುಲ್ಲಿನಂತೆ ಬಾಗುತ್ತಿದ್ದವು. ಬಿಲವೊಂದೇ ಅವಕ್ಕೆ ಕಾವಲು.

ಆ ಕಾಡಿನಲ್ಲಿ ಸಂಜೆಯಾದರೆ ಬಸರಿ ಮರದಡಿ ಕತೆ. ಸರದಿ ಬಂದವರು ಹೇಳಬೇಕು, ಉಳಿದವರು ಹೂಂಗುಟ್ಟಬೇಕು. ಕತೆ ಮನಸ್ಸಿಗೆ ಒಪ್ಪದಿದ್ದರೆ ಹೂಂ ನಿಲ್ಲುತ್ತಿತ್ತು. ಹೂಂ ನಿಂತರೆ ಕತೆ ಹೇಳಿದವರು ಸೋತ ಹಾಗೆ. ಇದಕ್ಕೆ ಬಲ್ಲಪ್ಪ ಎಂಬ ನರಿ ಒಂದು ಪಂದ್ಯ ಸೇರಿಸಿತು.

“ಕತೆಯ ಕೊನೆಯನ್ನು ನಾನು ಮೊದಲೇ ಹೇಳಿಬಿಟ್ಟರೆ ಹೇಳುವವರ ಮನೆ ನನ್ನದು. ನಾನೇ ಬಾಯಿಬಿಟ್ಟು ‘ಆಮೇಲೆ?’ ಅಂತ ಕೇಳಿದರೆ ಗೆದ್ದ ಮನೆಗಳೆಲ್ಲ ವಾಪಸ್!”

ಎಲ್ಲವೂ ಹೂಂ ಅಂದವು. ಅಲ್ಲೇ ಕೆಟ್ಟವು. ಆ ಕಾಡಿಗೆ ಗೊತ್ತಿದ್ದದ್ದು ಒಂದೇ ಬಗೆಯ ಕತೆ. ಹಣೆಯಲ್ಲಿ ಮಚ್ಚೆಯಿರುವ ವೀರ ಬರುತ್ತಾನೆ, ಮುದಿ ಗುರು ಮಂತ್ರ ಕೊಡುತ್ತಾನೆ, ರಾಕ್ಷಸ ಸಾಯುತ್ತಾನೆ. ಮೊಲದ ಪೊದೆ, ಮುಂಗುಸಿಯ ಬಿಲ, ಕರಡಿಯ ಗವಿ ಎಲ್ಲ ನರಿಯ ಪಾಲಾದವು. ಬೆಳಿಗ್ಗೆ ಒಂದರಲ್ಲಿ ಮಲಗುತ್ತಿತ್ತು, ಮಧ್ಯಾಹ್ನ ಇನ್ನೊಂದರಲ್ಲಿ ಆಕಳಿಸುತ್ತಿತ್ತು.

ದಬ್ಬಣಕ್ಕನ ಸರದಿ ಬಂತು.

“ಅಕ್ಕಾ, ಮರಿಗಳನ್ನು ಈಗಲೇ ಎಬ್ಬಿಸಿ ಹೊರಡಿಸು. ಕೊನೆಗೆ ಗಡಿಬಿಡಿ ಬೇಡ,” ಅಂತು ನರಿ.

“ಮೊದಲು ಕತೆ ಕೇಳಪ್ಪ,” ಅಂತು ದಬ್ಬಣಕ್ಕ. ಎದೆ ಢವಢವ ಅನ್ನುತ್ತಿತ್ತು. ಮುಳ್ಳು ಮಾತ್ರ ಒಂದೂ ಅಲುಗಲಿಲ್ಲ.

“ಏಳು ಬೆಟ್ಟದಾಚೆ ಏಳು ತಲೆಯ ಬೆಂಕಿ ಹಾವು ಊರೂರು ಸುಡುತ್ತಿತ್ತು. ಆಗ ಹಣೆಯಲ್ಲಿ ಚಂದ್ರನ ಮಚ್ಚೆಯಿದ್ದ ಹೋರಿ ಬಂತು...”

“ಹೋರಿ ಹಾವನ್ನು ಕೊಂದಿತು! ಮುಗೀತು!” ನರಿ ಎದ್ದೇ ನಿಂತಿತು.

“ಕೂತ್ಕೊ ಬಲ್ಲಪ್ಪ. ಮಚ್ಚೆ ಸುಣ್ಣದ್ದು. ಹೊಳೆ ದಾಟುವಾಗ ತೊಳೆದುಹೋಯಿತು. ಹೋರಿ ಅಳುತ್ತಾ ಕೊಟ್ಟಿಗೆಗೆ ಹೋಯಿತು.”

“ಹೂಂ!” ಕರಡಿ ಹೊಟ್ಟೆ ಹಿಡಿದು ನಕ್ಕಿತು.

“ಹಾಗಾದರೆ ಗುರು ಹದ್ದೊಂದು ಬಂದು ಮಂತ್ರ ಹೇಳಿತು, ಹಾವು ಸತ್ತಿತು!”

“ಹದ್ದಿಗೆ ವಯಸ್ಸಾಗಿತ್ತಪ್ಪ. ಅರ್ಧ ಮಂತ್ರ ನೆನಪಿತ್ತು. ಉಳಿದರ್ಧಕ್ಕೆ ಸೋಬಾನೆ ಹಾಡಿಬಿಟ್ಟಿತು.”

“ಹೂಂ, ಹೂಂ!”

ನರಿಯ ಕಿವಿ ಬಿಸಿಯಾಯಿತು. ಇಂಥ ಕತೆ ಅದು ಹುಟ್ಟಿದಾಗಿನಿಂದ ಕೇಳಿರಲಿಲ್ಲ. “ಹಾಗಾದರೆ ಸೈನ್ಯ ಬಂದು ಕೊಂದಿತು!”

“ಸೈನ್ಯ ಓಡಿತು. ಸೈನ್ಯಕ್ಕೆ ಅಡುಗೆ ಮಾಡುತ್ತಿದ್ದ ಕೋಳಿಯೊಂದೇ ಉಳಿಯಿತು. ಗಡಿಗೆ ಬಿಟ್ಟು ಓಡಲು ಅದಕ್ಕೆ ಮನಸ್ಸಾಗಲಿಲ್ಲ. ಗಡಿಗೆ ಹೊತ್ತು ಸೀದಾ ಹಾವಿನ ಗವಿಗೇ ನಡೆಯಿತು.”

“ಹಾವು ನುಂಗಿತು!”

“ನುಂಗಲಿಲ್ಲ.”

“ಕೋಳಿ ಕಣ್ಣು ಕುಕ್ಕಿ ಕೊಂದಿತು!”

“ಹದಿನಾಲ್ಕು ಕಣ್ಣು ಬಲ್ಲಪ್ಪ. ಒಂದು ಕೊಕ್ಕು.”

ಹೂಂ ಈಗ ಪಿಸುಮಾತಿನಲ್ಲಿ ಬರುತ್ತಿತ್ತು. ಮೊಲ ಕಣ್ಣು ಮಿಟುಕಿಸುವುದನ್ನೇ ಮರೆತಿತ್ತು. ಎಂಥ ಕತೆ!

“ಏಳು ತಲೆಯೂ ಬಗ್ಗಿದವು. ಏಳು ಬಾಯಿಯೂ ತೆರೆದವು. ಕೋಳಿ ಮೇಲೆ ನೋಡಿ ‘ಅಯ್ಯೋ ಪಾಪ’ ಅಂತು. ಗಡಿಗೆಯ ಮುಚ್ಚಳ ತೆಗೆಯಿತು...”

ಅಲ್ಲಿಗೆ ನಿಲ್ಲಿಸಿ ದಬ್ಬಣಕ್ಕ ಒಂದು ಗೆಣಸು ಕಚ್ಚಿತು. ನಿಧಾನಕ್ಕೆ ಅಗಿಯಿತು. ಇನ್ನೊಂದು ಸಲ ಕಚ್ಚಿತು.

ನರಿ ಕಾಲು ಬದಲಿಸಿತು. ತನ್ನ ಬಾಲ ತಾನೇ ಕಚ್ಚಿಕೊಂಡಿತು. ಕೊನೆಗೆ ತಡೆಯಲಾರದೆ, “ಆಮೇಲೆ?” ಅಂತು.

ಇಡೀ ಕಾಡು ಒಟ್ಟಿಗೆ ಹೂಂ ಅಂತು!

ಕರಡಿ ಗವಿಗೆ ಓಡಿತು, ಮುಂಗುಸಿ ಬಿಲಕ್ಕೆ, ಮೊಲ ಪೊದೆಗೆ. ಮುಳ್ಳುಹಂದಿಯ ಮರಿಗಳಿಗೆ ಎಚ್ಚರವೂ ಆಗಲಿಲ್ಲ. ನರಿ ಮಾತ್ರ ದಿನಾ ಗೆಣಸು ತಂದಿಟ್ಟು ಬೇಡುತ್ತದೆ: “ಅಕ್ಕಾ, ಮನೆ ಹೋದರೆ ಹೋಯ್ತು. ಗಡಿಗೆಯಲ್ಲಿ ಏನಿತ್ತು, ಅಷ್ಟು ಹೇಳು!”

ಮಜ್ಜಿಗೆ ಇತ್ತು. ಹಾವಿಗೆ ಪಾಪ, ಹುಟ್ಟಿದಾಗಿನಿಂದ ಎದೆಯುರಿ; ಬಾಯಿಬಿಟ್ಟರೆ ಬೆಂಕಿ. ಕುಡಿಯಿತು, ಏಳು ಸಲ ತೇಗಿತು, ಮಲಗಿತು. ಒಗಟು ಬಿಡಿಸಿದ್ದಾಯ್ತು.

ನೀತಿ: ಎಲ್ಲ ಬಲ್ಲೆ ಅನ್ನುವವನನ್ನು ಅವನ ನಾಲಿಗೆಯೇ ಕೆಡವುತ್ತದೆ, ಒಳ್ಳೆಯ ಕತೆಯನ್ನು ಕೇಳಿಯೇ ತಿಳಿಯಬೇಕು.

ನಿಜ ಹೇಳಲಾ? ದಬ್ಬಣಕ್ಕ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆ ಕೊನೆ ನಾನೇ ಕಟ್ಟಿದ್ದು. ಮಜ್ಜಿಗೆಯೂ ನನ್ನದೇ.