ಧೂಳಿನ ಸಾಲಿಗೆ ಎದ್ದವರು

ಪಿಂಜಾರ ಓಣಿಯ ಕೊನೆಯ ಜೋಪಡಿಯಲ್ಲಿ ಹಜರತ್ ಜಮಾಲಶಾ ಅಜ್ಜನವರು ವಾಸವಾಗಿದ್ದರು. ಹತ್ತಿ ಹಿಂಜುವ ಬಿಲ್ಲೊಂದೇ ಅವರ ಆಸ್ತಿ. ಬಂದವರನ್ನು ಗಾದಿಯ ಮೇಲೆ ಕೂರಿಸಿ ತಾವು ನೆಲದ ಮೇಲೆ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಅಲ್ಲಿಗೆ ಲಾಲಸಾಬರು ಬಂದರು. ಪ್ರವಾದಿಯವರ ಸ್ತುತಿಯಾದ ನಾತ್ ಹಾಡುವುದರಲ್ಲಿ ಸುತ್ತಲ ಸೀಮೆಗೆಲ್ಲ ಅವರದೇ ಹೆಸರು. ಆ ಹೆಸರಿನ ಮೇಲೆ ಅವರಿಗೂ ಪ್ರೀತಿ ತುಸು ಹೆಚ್ಚೇ ಇತ್ತೆನ್ನಿ. ಈಗ ಗಂಟಲು ಬೇನೆಯಿಂದ ದನಿ ಒಡೆದು, ಪ್ರವಾದಿಯವರ ಹುಟ್ಟಿದ ದಿನದ ಹಬ್ಬವಾದ ಮಿಲಾದಿಗೆ ಈ ಸಲ ಹಾಡಲು ಜನ ಬೇರೊಬ್ಬರನ್ನು ಗೊತ್ತುಮಾಡಿದ್ದರು.

"ಅಜ್ಜಾರ, ನಬಿಯವರ ಹೊಗಳಿಕಿಗೇ ಇದ್ದ ದನಿ ಇದು. ಅಲ್ಲಾಹ ಯಾಕ ಕಸಗೊಂಡ? ದನಿ ಇಲ್ಲದ ನಾ ನಬಿಯವರಿಗೆ ಯಾತಕ್ಕ ಬೇಕು?"

"ಒಂದ್ ಸಾಲು ಹಾಡು," ಎಂದರು ಅಜ್ಜನವರು.

ಗಾಯಕ್ಕೆ ಉಪ್ಪು ಸವರಿದಂತಾಯಿತು. ಆದರೂ ಹಿರಿಯರ ಮಾತು ಮೀರಲಾರದೆ ಲಾಲಸಾಬರು ಗೊಗ್ಗರು ದನಿ ಎತ್ತಿದರು: "ಮದೀನೆಯ ದಾರಿಯ ಧೂಳಾಗಲಿ ನಾನು, ಬೇರೆ ಹೆಸರು ಬೇಡ ನನಗೆ..."

ಅಜ್ಜನವರು ಎದ್ದು ನಿಂತರು. ಕಣ್ಣು ಮುಚ್ಚಿತ್ತು, ಮೈ ನಡುಗುತ್ತಿತ್ತು.

ನಾತ್ ಹಾಡುವ ಕೂಟದಲ್ಲಿ, ಮಜಲಿಸಿನಲ್ಲಿ, ಒಂದು ಕಟ್ಟಳೆಯುಂಟು. ಯಾವ ಸಾಲಿಗೆ ಒಬ್ಬರು ಪರವಶರಾಗಿ ಎದ್ದರೋ, ಅವರು ಕೂರುವ ತನಕ ಹಾಡುಗಾರ ಆ ಸಾಲು ಬಿಡುವಂತಿಲ್ಲ. ಲಾಲಸಾಬರು ಎಷ್ಟೋ ಜನರನ್ನು ಹೀಗೆ ಎಬ್ಬಿಸಿದ್ದರು, ಎದ್ದವರನ್ನು ನೋಡಿ ಒಳಗೊಳಗೇ ಹಿಗ್ಗಿದ್ದರು. ಇಂಥ ದನಿಗೂ ಒಬ್ಬರು ಏಳಬಹುದೆ! ಬೆರಗಾಗಿ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದರು. ದನಿಯೇನೂ ಸುಧಾರಿಸಲಿಲ್ಲ. ಆದರೆ ಹಾಡುತ್ತ ಹಾಡುತ್ತ ದನಿಯ ನೆನಪೇ ಹೋಯಿತು. ಬದುಕಿಡೀ ಹಾಡಿದ ಸಾಲು ಅಂದು ಮೊದಲ ಸಲ ಅವರ ಕಿವಿಗೆ ಬಿತ್ತು. ಕಣ್ಣೀರು ತಡೆಯಲಾಗಲಿಲ್ಲ.

ಅಜ್ಜನವರು ಮೆಲ್ಲಗೆ ಕೂತರು. "ಇಷ್ಟು ವರ್ಷ ಹಾಡಿದಿ, ಲಾಲಸಾಬ. ಇನ್ನ ಕೇಳು."

ಮಿಲಾದಿಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದಿದ್ದ ಲಾಲಸಾಬರು ಹಬ್ಬದ ದಿನ ಬಂದು ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತರು. ಪರವೂರಿನ ತರುಣನೊಬ್ಬ ಅದೇ ನಾತ್ ಎತ್ತಿಕೊಂಡ. ಧೂಳಿನ ಸಾಲು ಬಂದಾಗ ಹಿಂದೆ ಯಾರೋ ಎದ್ದಂತಾಗಿ ಜನ ತಿರುಗಿ ನೋಡಿದರು. ಇಷ್ಟು ಕಾಲ ಬೇರೆಯವರನ್ನು ಎಬ್ಬಿಸಿದ್ದ ಲಾಲಸಾಬರು, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ ನಿಂತಿದ್ದರು.

ತರುಣ ಆ ಸಾಲನ್ನು ಬಿಡಲಿಲ್ಲ.