ಬೆಳ್ಳಗಾದ ಹವಳ

ಹವಳದ ದಿಬ್ಬದ ಆರೋಗ್ಯ ಹೇಗಿದೆಯೆಂದು ತೋರಿಸಿಕೊಡಲು ಆಮೆ ಪಂಡಿತರು ಮೀನುಗಳ ತಂಡವೊಂದನ್ನು ಕಡಲಾಳಕ್ಕೆ ಕರೆತಂದರು. ಮೊದಲು ಸಿಕ್ಕಿದ್ದು ಕಂದು ಹವಳ.

"ಮೈಬಣ್ಣ ನೋಡಿದಿರಾ? ಏನೋ ಕಾಯಿಲೆ ಇರಬೇಕು," ಎಂದು ಪಂಡಿತರು ಮೂಗು ಮುರಿದರು. ಕಂದು ಹವಳ ನಾಚಿ ಮುದುಡಿಕೊಂಡಿತು.

ಅದರ ಪಕ್ಕದಲ್ಲೇ ಬಿಳಿ ಹವಳವೊಂದಿತ್ತು. "ಆಹಾ! ಆರೋಗ್ಯವೆಂದರೆ ಇದು!" ಎಂದರು ಪಂಡಿತರು.

ತಂಡದ ಮೀನೊಂದು ಆಸೆಯಿಂದ ಕೇಳಿತು: "ಮೈಗೆ ಏನು ಹಚ್ಚಿಕೊಳ್ಳುತ್ತೀಯಕ್ಕಾ?"

"ಏನೂ ಇಲ್ಲ ತಾಯಿ," ಬಿಳಿ ಹವಳದ ದನಿ ಉಡುಗಿಹೋಗಿತ್ತು. "ನೀರು ಬಿಸಿಯಾಯಿತು. ನನ್ನ ಮೈಯೊಳಗಿದ್ದು ಅನ್ನ ಹಾಕುತ್ತಿದ್ದ ಪಾಚಿ ನನ್ನನ್ನು ಬಿಟ್ಟುಹೋಯಿತು. ಬಣ್ಣವೂ ಅದರದ್ದೇ ಆಗಿತ್ತು. ಈಗ ಉಪವಾಸ ಸಾಯುತ್ತಿದ್ದೇನೆ."

ಪಂಡಿತರು ತಲೆದೂಗಿದರು. "ಎಲ್ಲರೂ ಕೇಳಿಸಿಕೊಂಡಿರಾ? ಬಿಸಿನೀರಿನ ಸ್ನಾನ, ಮಿತವಾದ ಊಟ. ಇಷ್ಟೇ ಗುಟ್ಟು!" ಮೀನುಗಳು ರೆಕ್ಕೆ ಬಡಿದು ಮೆಚ್ಚಿಕೊಂಡವು.

ಬೇಸಿಗೆ ಕಳೆದ ಮೇಲೆ ಪಂಡಿತರು ಮತ್ತೆ ಬಂದರು, ಈ ಸಲ ಒಬ್ಬರೇ. ಮೀನುಗಳೆಲ್ಲ ಹೊಟ್ಟೆಪಾಡಿಗೆ ಬೇರೆ ಕಡಲು ಹುಡುಕಿಕೊಂಡು ಹೋಗಿದ್ದವು. ದಿಬ್ಬಕ್ಕೆ ದಿಬ್ಬವೇ ಬೆಳ್ಳಗೆ ಹೊಳೆಯುತ್ತಿತ್ತು. ಪಂಡಿತರು ಹಿಗ್ಗಿ, ಹಿಂದೊಮ್ಮೆ ಕಂದಾಗಿದ್ದ ಹವಳದ ಹತ್ತಿರ ಹೋಗಿ, "ಈಗ ನೋಡು, ಎಷ್ಟು ಲಕ್ಷಣವಾಗಿದ್ದೀಯ!" ಎಂದರು.

ಹವಳ ಮಾತಾಡಲಿಲ್ಲ, ಅಲುಗಾಡಲೂ ಇಲ್ಲ.

"ಪಾಪ," ಎಂದರು ಪಂಡಿತರು, "ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ."